ಸುಂಕದ ಸಾಹೇಬರೂ ನಮ್ಮ ಶಾಸನಗಳೂ

ಬೇಗಂ ಬಜಾರಿಗೆ ಮೆಣಸಿನಕಾಯಿ, ಬೇಳೆ, ಪಾತ್ರೆಗಳ ಖರೀದಿಗಾಗಿ ಹೋಗದ ಹೊಟೇಲಿನವರು ಈ ಹೈದರಾಬಾದಿನಲ್ಲಿ ವಿರಳ. ಮೊನ್ನೆ ಅಲ್ಲಿಯ ಅಂಗಡಿಯೊಂದರಲ್ಲಿ ಸಾಮಾನಿನ ಚೀಟಿ ಬರೆಯಿಸುತ್ತ ನಿಂತಿದ್ದೆವು. ನಮ್ಮ ಕಡೆಯ ಗುಮಾಸ್ತರೊಬ್ಬರು ತೆರಿಗೆಯ ಲೆಕ್ಕ ನೋಡಿ, “ಸುಂಕದವರಿಗೆ ಹೃದಯವೆಂಬುದುಂಟೇ ಸ್ವಾಮಿ?” ಎಂದು ನಿಟ್ಟುಸಿರಿಟ್ಟರು. ಸುಂಕದವನ ಮುಂದೆ ಸುಖದುಃಖ ಹೇಳಬಾರದೆಂಬ ಗಾದೆ ನಮ್ಮಲ್ಲಿ ಇದ್ದೇ ಇದೆ. ಆದರೂ ನಮಗೆ ಆಗ ನೆನಪಾದವರು ಒಬ್ಬ ಸುಂಕದ ಸಾಹೇಬರೇ. ಅವರು ಜಾನ್ ಫೇತ್‌ಫುಲ್ ಫ್ಲೀಟ್.

೧೮೪೭ರಲ್ಲಿ ಜನಿಸಿದ ಫ್ಲೀಟರು ಲಂಡನ್ನಿನಲ್ಲಿ ಸಂಸ್ಕೃತವನ್ನು ಅಭ್ಯಸಿಸಿ, ೧೮೬೭ರಲ್ಲಿ ಮುಂಬಯಿ ಇಲಾಖೆಯ ನೌಕರಿಗೆ ಬಂದರು. ವಿದ್ಯಾಧಿಕಾರಿ, ಸೊಲ್ಲಾಪುರದ ಕಲೆಕ್ಟರ್, ವಿಭಾಗದ ಕಮಿಷನರ್, ಹೀಗೆ ಮೇಲೇರಿ ೧೮೯೩ರಲ್ಲಿ ಸುಂಕದ ಕಮಿಷನರರಾದರು. ೧೮೯೭ರಲ್ಲಿ ನಿವೃತ್ತರಾಗಿ ಸ್ವದೇಶಕ್ಕೆ ಮರಳಿದರು. ಇಷ್ಟೇ ಆಗಿದ್ದರೆ ಅವರ ಹೆಸರು ಕಡತಗಳಲ್ಲಿಯೇ ಅಡಗಿಹೋಗುತ್ತಿತ್ತು.

ಆದರೆ ಕಚೇರಿಯ ಕೆಲಸದ ಜೊತೆಗೆ ಅವರು ನಮ್ಮ ನಾಡಿನ ಕಲ್ಲುಗಳನ್ನು ಓದಿದರು. ಬಾದಾಮಿ, ಐಹೊಳೆಗಳ ಹಳಗನ್ನಡ ಹಾಗೂ ಸಂಸ್ಕೃತ ಶಾಸನಗಳನ್ನು ಅಚ್ಚಿಗೆ ತಂದರು. ೧೮೮೨ರಲ್ಲಿ ಮುಂಬಯಿ ಇಲಾಖೆಯ ಕನ್ನಡ ಜಿಲ್ಲೆಗಳನ್ನಾಳಿದ ಅರಸುಮನೆತನಗಳ ಚರಿತ್ರೆಯನ್ನು ಬರೆದರು. ನಿವೃತ್ತಿಗೆ ಒಂದು ವರ್ಷ ಮುಂಚೆ, ೧೮೯೬ರಲ್ಲಿ, ಅದು ವಿಸ್ತೃತವಾಗಿ ಮುಂಬಯಿ ಗೆಝೆಟಿಯರಿನಲ್ಲಿ ಪ್ರಕಟವಾಯಿತು. ಮಳಖೇಡದ ರಾಷ್ಟ್ರಕೂಟರೂ ಕಲ್ಯಾಣದ ಚಾಲುಕ್ಯರೂ ಅದರಲ್ಲಿದ್ದಾರೆ. ಆ ಎರಡು ರಾಜಧಾನಿಗಳೂ ಅಂದು ಇದೇ ನಿಜಾಮ್ ಸಂಸ್ಥಾನದಲ್ಲಿದ್ದವು. ಕಲಬುರಗಿ, ಬೀದರಗಳಿಂದ ಬಂದ ನಮ್ಮ ಬಂಧುಗಳು ಇದನ್ನು ಮರೆಯಲಾಗದು.

ಇನ್ನೊಂದು ಸಂಗತಿಯು ನಮ್ಮನ್ನು ಹೆಚ್ಚು ಚಕಿತಗೊಳಿಸಿದೆ. ಫ್ಲೀಟರು ಕನ್ನಡ ಲಾವಣಿಗಳನ್ನು ಸಂಗ್ರಹಿಸಿ, ‘ಇಂಡಿಯನ್ ಆಂಟಿಕ್ವೆರಿ’ ಪತ್ರಿಕೆಯಲ್ಲಿ ಇಂಗ್ಲಿಷ್ ಅನುವಾದದೊಡನೆ ಪ್ರಕಟಿಸಿದರು. ಅವುಗಳಲ್ಲಿ ಒಂದು, ೧೮೩೧ರಲ್ಲಿ ನಂದಗಡದಲ್ಲಿ ಗಲ್ಲಿಗೇರಿದ ಸಂಗೊಳ್ಳಿ ರಾಯಣ್ಣನದು. ಮತ್ತೊಂದು, ೧೮೫೭ರಲ್ಲಿ ಆಯುಧ ಒಪ್ಪಿಸಲೊಲ್ಲದೆ ಹೋರಾಡಿದ ಹಲಗಲಿಯ ಬೇಡರದು. ಇನ್ನೊಂದು ಆದಾಯ ತೆರಿಗೆಯ ಮೇಲಿನದು! ತಮ್ಮ ಸರಕಾರವೇ ಕೊಂದವರ ಕೀರ್ತಿಯನ್ನೂ, ತಮ್ಮ ಸರಕಾರವೇ ಹೇರಿದ ತೆರಿಗೆಯ ಹಾಡನ್ನೂ ಆ ಸರಕಾರದ ಅಧಿಕಾರಿಯೇ ಉಳಿಸಿಕೊಟ್ಟರು.

ಅವರನ್ನು ದೇವರೆಂದು ಪೂಜಿಸಬೇಕೆಂದು ನಾವು ಹೇಳುವುದಿಲ್ಲ. ಅವರು ಆಳುವವರ ಪಕ್ಷದವರೇ. ಗಂಗರಸರ ತಾಮ್ರಶಾಸನಗಳನ್ನು ಕೃತ್ರಿಮವೆಂದು ತಳ್ಳಿಹಾಕಿದಾಗ ಮೈಸೂರಿನ ಬಿ. ಎಲ್. ರೈಸರು ಅವರನ್ನು ಎದುರಿಸಿ ವಾದಿಸಿದರು. ಆದರೆ ದುಡಿಮೆಯ ನಡುವೆ ವಿದ್ಯೆಗೆ ಬಿಡುವಿಲ್ಲವೆಂಬ ನಮ್ಮ ಮಾತಿಗೆ ಅವರ ಬಾಳು ಉತ್ತರವಾಗಿದೆ. ಸಾಹೇಬರಿಗೆ ಆಳುಕಾಳುಗಳಿದ್ದರು, ನಮ್ಮ ಹುಡುಗರಿಗೆ ಇರುವುದು ರಾತ್ರಿ ಹೊಟೇಲು ಮುಚ್ಚಿದ ಮೇಲಿನ ಒಂದು ಗಳಿಗೆ ಮಾತ್ರ, ಎಂಬುದನ್ನು ನಾವು ಬಲ್ಲೆವು. ಗಲ್ಲೆಯ ಮುಂದೆಯೂ ಒಲೆಯ ಮುಂದೆಯೂ ನಿಂತು ಬಂದವರು ನಾವು.

ಆದರೂ ಆ ಒಂದು ಗಳಿಗೆ ಸಾಲದೆನ್ನಬೇಡಿ. ಊರಿನಲ್ಲಿ ನಮ್ಮ ತಾಯಂದಿರು ಬೀಸುವಾಗ ಹಾಡುತ್ತಿದ್ದ ಪದಗಳು ನಿಮ್ಮಲ್ಲಿ ಕೆಲವರಿಗಾದರೂ ಬಾಯಿಪಾಠವಿದ್ದಾವು. ಇಲ್ಲಿ ಹುಟ್ಟಿದ ಮಕ್ಕಳು ತೆಲುಗು, ಉರ್ದು ಕಲಿತಿದ್ದಾರೆ, ಅದು ಒಳ್ಳೆಯದೇ. ಆದರೆ ಆ ಪದಗಳನ್ನು ಅವರಿಗೆ ಕೊಡಬೇಕಾದವರು ನಾವು. ಅವನ್ನು ಬರೆದಿಡಲು ಇನ್ನೊಬ್ಬ ಸುಂಕದ ಸಾಹೇಬರು ಕಡಲು ದಾಟಿ ಬರುವವರೆಗೆ ಕಾಯುವುದು ನಮಗೆ ಶೋಭೆಯಲ್ಲ. ಲೆಕ್ಕದ ಪುಸ್ತಕದ ಕೊನೆಯಲ್ಲಿ ನಾಲ್ಕು ಹಾಳೆ ಖಾಲಿ ಇದ್ದೇ ಇರುತ್ತವೆ.