ಮುಳುಗಿದ ದೋಣಿಯ ಮುಚ್ಚಳ

ಮಕ್ಕಳೇ, ಖಾಲಿ ಲೋಟವನ್ನು ಬೋರಲು ಹಿಡಿದು ಬಕೆಟ್ ನೀರಿನೊಳಗೆ ಒತ್ತಿ ನೋಡಿ. ಒಳಗೆ ಗಾಳಿ ಇರುವುದರಿಂದ ಲೋಟದಲ್ಲಿ ನೀರು ತುಂಬುವುದಿಲ್ಲ. ಇದೇ ಲೋಟವನ್ನು ನರಸಿಂಹರಾಜಪುರದ ಬಳಿ ಭದ್ರಾ ಹಿನ್ನೀರಿನಲ್ಲಿ 10 ಮೀಟರ್ ಆಳಕ್ಕೆ ಇಳಿಸಿದರೆ? ನೀರಿನ ಒತ್ತಡಕ್ಕೆ ಗಾಳಿ ಕುಗ್ಗಿ, ಹೆಚ್ಚುಕಡಿಮೆ ಅರ್ಧ ಲೋಟ ನೀರು ತುಂಬುತ್ತದೆ. (ಇದನ್ನು ಮಾಡಿ ನೋಡಲು ನೀವು ಹೋಗಬೇಡಿ!)

ಜರ್ಮನಿಯ ಕೀಲ್ ಬಂದರಿನಲ್ಲಿ ಈ ಒತ್ತಡ ಮೂವರ ಜೀವಕ್ಕೇ ಕುತ್ತು ತಂದಿತ್ತು. ಅಲ್ಲಿ 1838ರಲ್ಲಿ ಶ್ವೆಫೆಲ್ ಮತ್ತು ಹೊವಾಲ್ಟ್ ಎಂಬ ಕಾರ್ಖಾನೆ ಆರಂಭವಾಯಿತು. ವಿಲ್ಹೆಲ್ಮ್ ಬಾವರ್ ಎಂಬ ಸೈನಿಕನ ಯೋಜನೆಯಂತೆ 1850ರಲ್ಲಿ ಅದು ಕಬ್ಬಿಣದ ಜಲಾಂತರ್ಗಾಮಿಯೊಂದನ್ನು ಕಟ್ಟಿತು. ಅದಕ್ಕೆ ಇಂಜಿನ್ ಇರಲಿಲ್ಲ. ಒಳಗಿದ್ದವರೇ ಚಕ್ರ ತುಳಿದು ನಡೆಸಬೇಕಿತ್ತು. ಹಣ ಸಾಲದೆ ಅದರ ತಗಡನ್ನೂ ತೆಳ್ಳಗೆ ಮಾಡಿದ್ದರು.

1851ರ ಫೆಬ್ರವರಿ 1ರಂದು ಪರೀಕ್ಷೆಯ ವೇಳೆ ಅದು ಬಾವರ್ ಮತ್ತು ಇಬ್ಬರು ಸಂಗಡಿಗರೊಡನೆ ತಳ ಸೇರಿತು. ಹೊರಗಿನ ನೀರು ಒತ್ತಿ ಹಿಡಿದಿದ್ದರಿಂದ ಮುಚ್ಚಳ ತೆರೆಯಲಿಲ್ಲ. ಆಗ ಬಾವರ್ ಏನು ಮಾಡಿದ ಗೊತ್ತೇ? ನೀರನ್ನು ಇನ್ನಷ್ಟು ಒಳಗೆ ಬರಲು ಬಿಟ್ಟ! ನೀರು ಏರಿದಂತೆ, ಲೋಟದಲ್ಲಿ ಆದ ಹಾಗೆ, ಒಳಗಿನ ಗಾಳಿ ಕುಗ್ಗಿ ಅದರ ಒತ್ತಡ ಹೆಚ್ಚಿತು. ಗಂಟೆಗಟ್ಟಲೆ ಕಾಯಬೇಕಾಯಿತು. ಒಳಗಿನ ಒತ್ತಡ ಹೊರಗಿನದಕ್ಕೆ ಸಮವಾದಾಗ ಮುಚ್ಚಳ ತೆರೆದುಕೊಂಡಿತು. ಮೂವರೂ ಗಾಳಿಯ ಗುಳ್ಳೆಗಳೊಡನೆ ಮೇಲೆ ಬಂದು ಬದುಕಿಕೊಂಡರು.

1887ರಲ್ಲಿ ಮೇಲೆತ್ತಿದ ಆ ದೋಣಿ ಈಗ ಡ್ರೆಸ್ಡೆನ್ ನಗರದ ವಸ್ತುಸಂಗ್ರಹಾಲಯದಲ್ಲಿದೆ. ಆ ಕಾರ್ಖಾನೆಯೂ ಹಡಗು ಕಟ್ಟುವ ದೊಡ್ಡ ಸಂಸ್ಥೆಯಾಗಿ ಬೆಳೆಯಿತು. 1986ರಲ್ಲಿ ನಮ್ಮ ನೌಕಾಪಡೆಗೆ ಸೇರಿದ ಐಎನ್‌ಎಸ್ ಶಿಶುಮಾರ್ ಜಲಾಂತರ್ಗಾಮಿ ತಯಾರಾದದ್ದು ಕೀಲ್‌ನ ಅದೇ ಸಂಸ್ಥೆಯಲ್ಲಿ. ಅಪಾಯ ಒದಗಿದರೆ ಸಿಬ್ಬಂದಿಯೆಲ್ಲ ಒಳಗೆ ಕುಳಿತು ಮೇಲಕ್ಕೆ ತೇಲಿ ಬರಲು ಚೆಂಡಿನಾಕಾರದ ಕೋಣೆಯೊಂದು ಅದರಲ್ಲಿದೆ.