ಗುಲಾಮರ ವ್ಯಾಪಾರವೂ ಜೀತದ ಸಾಲವೂ

ಮನುಷ್ಯನನ್ನು ಮನುಷ್ಯನೇ ಸರಕೆಂದು ಎಣಿಸಿ ಕೊಂಡು ಮಾರಿದ ಚರಿತ್ರೆ ಬಹು ಪ್ರಾಚೀನವಾದುದು. ಆದರೆ ೧೬ನೆಯ ಶತಮಾನದಿಂದ ೧೯ನೆಯ ಶತಮಾನದವರೆಗೆ ಅಟ್ಲಾಂಟಿಕ್ ಸಾಗರದ ಮೇಲೆ ನಡೆದ ವ್ಯಾಪಾರದಷ್ಟು ವಿಸ್ತಾರವಾದುದು ವಿರಳ. ಹಡಗುಗಳ ದಾಖಲೆಗಳನ್ನು ಒಟ್ಟುಗೂಡಿಸಿದ ವಿದ್ವಾಂಸರ ಅಂದಾಜಿನಂತೆ ಸುಮಾರು ೧ ಕೋಟಿ ೨೫ ಲಕ್ಷ ಆಫ್ರಿಕನ್ನರನ್ನು ಹಡಗು ಹತ್ತಿಸಲಾಯಿತು. ದಡ ಮುಟ್ಟಿದವರು ಸುಮಾರು ೧ ಕೋಟಿ ೭ ಲಕ್ಷ. ಉಳಿದ ೧೮ ಲಕ್ಷದಷ್ಟು ಜನ ಕಡಲ ಹಾದಿಯಲ್ಲಿಯೇ ಅಳಿದರು. ಕಬ್ಬು, ಹೊಗೆಸೊಪ್ಪು, ಹತ್ತಿಯ ತೋಟಗಳಿಗೆ ಆಳುಗಳು ಬೇಕಾದುದೇ ಇದಕ್ಕೆ ಮುಖ್ಯ ಕಾರಣ. ಬ್ರಿಟನ್ ೧೮೦೭ರಲ್ಲಿ ಈ ವ್ಯಾಪಾರವನ್ನು ನಿಷೇಧಿಸಿತು. ಎಲ್ಲರಿಗಿಂತ ಹೆಚ್ಚು ಗುಲಾಮರನ್ನು ತರಿಸಿಕೊಂಡ ಬ್ರೆಜಿಲ್ ೧೮೮೮ರವರೆಗೂ ಗುಲಾಮಗಿರಿಯನ್ನು ಬಿಡಲಿಲ್ಲ.

ಈ ವ್ಯಾಪಾರದ ಮತ್ತೊಂದು ಕವಲು ಪೂರ್ವಕ್ಕೆ ಹರಿಯಿತು. ಅರಬ್ ವರ್ತಕರೂ ಪೋರ್ಚುಗೀಸರೂ ತಂದ ಆಫ್ರಿಕನ್ನರು ದಖ್ಖನಿನಲ್ಲಿ ಹಬಶಿಗಳೆಂದೂ ಸಿದ್ದಿಗಳೆಂದೂ ಹೆಸರಾದರು. ಗುಲಾಮನಾಗಿ ಮಾರಾಟಗೊಂಡು ಬಂದ ಮಲಿಕ್ ಅಂಬರ್ ಅಹಮದ್‌ನಗರ ರಾಜ್ಯದ ಸೂತ್ರಧಾರಿಯಾಗಿ ೧೬೨೬ರಲ್ಲಿ ತೀರಿಕೊಂಡನು. ಬಿಜಾಪುರದ ಆದಿಲಶಾಹಿ ದರಬಾರಿನಲ್ಲಿಯೂ ಹಬಶಿ ಸರದಾರರು ಪ್ರಬಲರಾಗಿದ್ದರು. ೧೬೩೮ರಿಂದ ೧೬೮೭ರವರೆಗೆ ಸಿರಾ ಸೀಮೆ ಆ ಬಿಜಾಪುರದ ಆಳ್ವಿಕೆಯಲ್ಲಿಯೇ ಇದ್ದಿತು. ಆದರೆ ಅಧಿಕಾರಕ್ಕೇರಿದವರು ಕೆಲವರು ಮಾತ್ರ. ಗೋವೆಯ ಒಡೆಯರಿಂದ ತಪ್ಪಿಸಿಕೊಂಡು ಘಟ್ಟದ ಕಾಡು ಸೇರಿದವರ ಸಂತತಿ ಯಲ್ಲಾಪುರ, ಹಳಿಯಾಳ, ಮುಂಡಗೋಡಗಳಲ್ಲಿ ಇಂದಿಗೂ ಬಾಳುತ್ತಿದೆ. ಉತ್ತರ ಕನ್ನಡದ ಸಿದ್ದಿಗಳಿಗೆ ಪರಿಶಿಷ್ಟ ಪಂಗಡದ ಮಾನ್ಯತೆ ದೊರೆತುದು ೨೦೦೩ರಲ್ಲಿ.

ಮಧುಗಿರಿ, ಸಿರಾ, ಕೊರಟಗೆರೆ, ಪಾವಗಡಗಳ ಮಳೆಯಾಶ್ರಿತ ಸೀಮೆಗೆ ಹಡಗು ಬರಲಿಲ್ಲ. ಆದರೆ ಜೀತವೆಂಬ ಮಾತು ಇಲ್ಲಿನ ಹಿರಿಯರಿಗೆ ಹೊಸದಲ್ಲ. ಗುಲಾಮನನ್ನು ಬೆಲೆಗೆ ಕೊಳ್ಳುತ್ತಿದ್ದರು. ಜೀತದಾಳನ್ನು ಸಾಲದಿಂದ ಕಟ್ಟುತ್ತಿದ್ದರು. ಮದುವೆಗೋ ಕಾಯಿಲೆಗೋ ತಂದ ಅಲ್ಪ ಹಣದ ಬಡ್ಡಿಗೆ ದುಡಿಮೆಯೇ ಸಂದು, ಅಸಲು ಹಾಗೆಯೇ ಉಳಿದು, ತಂದೆಯ ಸಾಲಕ್ಕೆ ಮಗ ನೊಗ ಹೊರಬೇಕಾಗುತ್ತಿತ್ತು. ಆದುದರಿಂದ ಎರಡೂ ಒಂದೇ ಎನ್ನಲಾಗದು. ಎರಡರಲ್ಲಿಯೂ ಕಳೆದುಹೋಗುವುದು ಮಾತ್ರ ಒಂದೇ: ಒಲ್ಲೆನೆಂದು ಎದ್ದುಹೋಗುವ ಸ್ವಾತಂತ್ರ್ಯ.

೧೯೭೬ರ ಜೀತ ಪದ್ಧತಿ ನಿರ್ಮೂಲನ ಶಾಸನವು ೧೯೭೫ರ ಅಕ್ಟೋಬರ್ ೨೫ರಿಂದಲೇ ಅನ್ವಯವಾಗುವಂತೆ ಜೀತದ ಸಾಲಗಳನ್ನೆಲ್ಲ ರದ್ದುಪಡಿಸಿತು. ಜೀತಕ್ಕೆ ಇರಿಸಿಕೊಂಡವನಿಗೆ ಮೂರು ವರ್ಷಗಳವರೆಗೆ ಸೆರೆಮನೆವಾಸ ವಿಧಿಸಬಹುದು. ಇದು ಜೀತದ ಸಾಲವೆಂದು ಆಳು ಹೇಳಿದರೆ, ಅಲ್ಲವೆಂದು ಸಾಬೀತುಪಡಿಸುವ ಹೊಣೆ ಸಾಲ ಕೊಟ್ಟವನದು. ಪ್ರತಿ ಜಿಲ್ಲೆಗೂ ಉಪವಿಭಾಗಕ್ಕೂ ಜಾಗೃತಿ ಸಮಿತಿ ಇರಬೇಕೆಂಬುದು ಶಾಸನದ ವಿಧಿ. ಈ ನಾಲ್ಕು ತಾಲ್ಲೂಕುಗಳ ಉಪವಿಭಾಗಕ್ಕೆ ಮಧುಗಿರಿಯೇ ಕೇಂದ್ರ.

ಸಿದ್ದಿಯ ಪೂರ್ವಿಕನಿಗೆ ಕಾಡಲ್ಲದೆ ಬೇರೆ ಆಸರೆ ಇರಲಿಲ್ಲ. ಜೀತದಾಳಿಗೆ ಕಾನೂನಿನ ಆಸರೆಯುಂಟು. ಅದು ಉಂಟೆಂದು ಅವನಿಗೆ ತಿಳಿಸುವುದು ಅಕ್ಷರ ಬಲ್ಲವರೆಲ್ಲರ ಕರ್ತವ್ಯ.