ಸಮಾಧಿಯಿಲ್ಲದ ನಮ್ಮ ಹಿರಿಯರು



ನವೆಂಬರ್ ೨, ಮೃತ ವಿಶ್ವಾಸಿಗಳೆಲ್ಲರ ಸ್ಮರಣೆಯ ದಿನ. ಅಂದು ನಾವು ಸಮಾಧಿಗಳನ್ನು ತೊಳೆದು, ಹೂವಿಟ್ಟು, ಮೇಣದಬತ್ತಿ ಹಚ್ಚುತ್ತೇವೆ. ಸ್ವಾಮಿಗಳು ತೀರ್ಥ ಚಿಮುಕಿಸುತ್ತಾ ಬರುವಾಗ ಪ್ರತಿಯೊಂದು ಕುಟುಂಬವೂ ತನ್ನವರ ಬಳಿ ನಿಂತಿರುತ್ತದೆ. ಆದರೆ ನಡುವಿನ ದೊಡ್ಡ ಶಿಲುಬೆಯ ಬುಡದಲ್ಲಿ ಬತ್ತಿ ಹಚ್ಚುವವರೂ ಇರುತ್ತಾರೆ. ನಮ್ಮ ಅಜ್ಜಿ ಪ್ರತಿವರ್ಷ ಹಾಗೆ ಮಾಡುತ್ತಿದ್ದರು. "ಇದು ಯಾರಿಗಜ್ಜಿ?" ಎಂದು ಕೇಳಿದರೆ, "ದೂರದಲ್ಲಿ ಮಣ್ಣಾದವರಿಗೆ" ಎಂದಷ್ಟೇ ಹೇಳಿ ಶಿಲುಬೆ ಗುರುತು ಹಾಕಿಕೊಳ್ಳುತ್ತಿದ್ದರು.

ಆ ಬತ್ತಿ ಅಜ್ಜಿಯ ತಂದೆಗೆಂದು ನಮಗೆ ತಿಳಿದದ್ದು ಎಷ್ಟೋ ವರ್ಷಗಳ ನಂತರ. ಅವರ ಬಗ್ಗೆ ಮನೆಯಲ್ಲಿ ಎರಡು ಮಾತುಗಳಿದ್ದವು. ಮೊದಲ ಮಹಾಯುದ್ಧದಲ್ಲಿ ಅವರು ಹವಾಲ್ದಾರರಾಗಿದ್ದರು, ಮೈಸೂರಿನ ಕುದುರೆ ಪಡೆಯೊಂದಿಗೆ ಹೋಗಿ ವೀರಮರಣ ಹೊಂದಿದರು ಎಂಬುದು ಹಬ್ಬದ ಊಟದ ಹೊತ್ತಿನ ಮಾತು. ಅವರು ಯಾವ ಯುದ್ಧಕ್ಕೂ ಹೋಗಲಿಲ್ಲ, ಹೆಂಡತಿ ಮಗುವನ್ನು ಬಿಟ್ಟು ಎಲ್ಲೋ ಹೊರಟುಹೋದರು, ಆಕೆ ಇನ್ನೊಬ್ಬರನ್ನು ಕಟ್ಟಿಕೊಂಡರು ಎಂಬುದು ಅಡುಗೆಮನೆಯಲ್ಲಿ ಮೆಲುದನಿಯಲ್ಲಿ ಆಡುವ ಮಾತು. ಮೊದಲನೆಯದು ಹೆಮ್ಮೆಯದು, ಎರಡನೆಯದು ನೋವಿನದು. ಯಾವುದು ನಿಜ? ಅದನ್ನು ತಿಳಿಯಲು ನಾವು ಹುಡುಕಿದೆವು. ಇಂಥದೇ ಪ್ರಶ್ನೆ ಇಟ್ಟುಕೊಂಡ ಮನೆಗಳು ನಮ್ಮ ಧರ್ಮಕೇಂದ್ರಗಳಲ್ಲಿ ಕಡಿಮೆಯೇನಿಲ್ಲ. ಅವರಿಗೆ ನೆರವಾಗಲೆಂದು ಹುಡುಕುವ ದಾರಿಯನ್ನು ಇಲ್ಲಿ ವಿವರಿಸುತ್ತಿದ್ದೇವೆ.

ಎಷ್ಟು ಮಂದಿ ಹೋದರು?

೧೯೧೪ರಿಂದ ೧೯೧೮ರವರೆಗಿನ ಯುದ್ಧಕ್ಕೆ ಭಾರತದಿಂದ ಹದಿಮೂರು ಲಕ್ಷಕ್ಕೂ ಹೆಚ್ಚು ಜನ ಹೋದರು. ಅವರಲ್ಲಿ ಸುಮಾರು ೭೪,೦೦೦ ಮಂದಿ ತೀರಿಕೊಂಡರು. ೧೯೩೯ರಿಂದ ೧೯೪೫ರ ಯುದ್ಧದಲ್ಲಿ ಭಾರತದ ಸೇನೆ ಸುಮಾರು ೨೫ ಲಕ್ಷಕ್ಕೆ ಬೆಳೆಯಿತು. ಸತ್ತವರು ಸುಮಾರು ೮೭,೦೦೦. ಇವರೆಲ್ಲರೂ ಬಂದೂಕು ಹಿಡಿದವರಲ್ಲ. ಹೇಸರಗತ್ತೆ ನಡೆಸಿದವರು, ಅಡುಗೆ ಮಾಡಿದವರು, ಗಾಯಾಳುಗಳನ್ನು ಹೊತ್ತವರು, ರಸ್ತೆ ಮತ್ತು ರೈಲುದಾರಿ ಹಾಕಿದವರು ಲಕ್ಷಾಂತರ ಮಂದಿ. "ತಾತ ಯುದ್ಧಕ್ಕೆ ಹೋಗಿದ್ದರು" ಎಂಬ ಮಾತಿನಲ್ಲಿ ಇವರೆಲ್ಲರೂ ಸೇರುತ್ತಾರೆ.

ಮೊದಲು ಮನೆಯಲ್ಲೇ ಹುಡುಕಬೇಕು

ಮೊದಲ ಕೆಲಸ ಹಿರಿಯರೊಡನೆ ಕುಳಿತು ಅವರು ಹೇಳಿದ್ದನ್ನು ಹೇಳಿದ ಹಾಗೆಯೇ ಬರೆದುಕೊಳ್ಳುವುದು. ನಮ್ಮ ದೊಡ್ಡಮ್ಮನಿಗೆ ನೆನಪಿದ್ದದ್ದು ಒಂದೇ ಊರಿನ ಹೆಸರು: "ಬಸ್ರಾ". ಇಂದಿನ ಇರಾಕಿನಲ್ಲಿರುವ ಆ ಬಂದರು, ಮೆಸಪೊಟೇಮಿಯಾಕ್ಕೆ ಹೋದ ಭಾರತೀಯ ಪಡೆಗಳು ಹಡಗಿನಿಂದ ಇಳಿಯುತ್ತಿದ್ದ ಜಾಗ. ಮೈಸೂರಿನ ಕುದುರೆ ಪಡೆ ೧೯೧೮ರ ಸೆಪ್ಟೆಂಬರ್ ೨೩ರಂದು ಹೋರಾಡಿ ಹೆಸರಾದದ್ದು ಪ್ಯಾಲೆಸ್ಟೈನಿನ ಹೈಫಾದಲ್ಲಿ. ಎರಡೂ ಬೇರೆ ಬೇರೆ ರಣರಂಗಗಳು. ಹೆಮ್ಮೆಯ ಕತೆಗೆ ಅಲ್ಲಿಯೇ ಮೊದಲ ಬಿರುಕು ಕಂಡಿತು.

ಆಮೇಲೆ ಟ್ರಂಕಿನ ತಳ ನೋಡಬೇಕು. ಹಳೆಯ ಫೋಟೋ, ಮನಿಯಾರ್ಡರ್ ಚೀಟಿ, ಪಿಂಚಣಿ ಕಾಗದ, ಪ್ರಾರ್ಥನಾ ಪುಸ್ತಕದೊಳಗಿನ ಬರಹ, ಎಲ್ಲವೂ ಮುಖ್ಯ. ಪದಕ ಸಿಕ್ಕರೆ ಅದನ್ನು ಹುಣಸೆಹಣ್ಣು ಹಾಕಿ ತಿಕ್ಕಬೇಡಿ. ಮೊದಲ ಯುದ್ಧದ ಪದಕಗಳ ಅಂಚಿನಲ್ಲಿ ಪಡೆದವರ ಸಂಖ್ಯೆ, ಹೆಸರು, ಪಡೆ ಕೊರೆದಿರುತ್ತದೆ. ತಿಕ್ಕಿದರೆ ಅಕ್ಷರ ಸವೆಯುತ್ತದೆ. ಎರಡನೆಯ ಯುದ್ಧದ ಪದಕಗಳಲ್ಲಿ ಹೆಸರಿಲ್ಲದವೂ ಇವೆ.

ಅಜ್ಜಿಯ ಪೆಟ್ಟಿಗೆಯಲ್ಲಿ ಒಂದು ಪದಕವಿತ್ತು. ಒಂದು ಬದಿಯಲ್ಲಿ ರಾಜನ ಮುಖ, ಇನ್ನೊಂದು ಬದಿಯಲ್ಲಿ ಕುದುರೆ ಏರಿದ ಪುರುಷ, ೧೯೧೪ ಮತ್ತು ೧೯೧೮ ಎಂಬ ಇಸವಿಗಳು. ಕುದುರೆಯನ್ನು ಕಂಡೇ ಮನೆಯವರು ಕುದುರೆ ಪಡೆ ಎಂದುಕೊಂಡಿರಬೇಕು! ಅದು ಎಲ್ಲರಿಗೂ ಕೊಟ್ಟ ಬ್ರಿಟಿಷ್ ಯುದ್ಧ ಪದಕ. ಸಿಪಾಯಿಗಳಿಗೆ ಅದನ್ನು ಬೆಳ್ಳಿಯಲ್ಲಿ ಕೊಟ್ಟರು, ಕೂಲಿ ಪಡೆಗಳವರಿಗೆ ಕಂಚಿನಲ್ಲಿ ಕೊಟ್ಟರು. ನಮ್ಮದು ಕಂಚಿನದು. ಅಂಚನ್ನು ಭೂತಗನ್ನಡಿಯಲ್ಲಿ ನೋಡಿದಾಗ ಸವೆದ ಅಕ್ಷರಗಳ ನಡುವೆ "ಲೇಬರ್ ಕೋರ್" ಎಂಬುದನ್ನು ಓದಲಾಯಿತು. ನಮ್ಮ ಹಿರಿಯರು ಹವಾಲ್ದಾರರಲ್ಲ, ಕೂಲಿಯಾಳು. ಅಂದು ಮನೆಯಲ್ಲಿ ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಆದರೆ ಅವರು ಹೋಗಿದ್ದು ನಿಜ ಎಂಬುದಂತೂ ಖಚಿತವಾಯಿತು.

ದೇವಾಲಯದ ದಾಖಲೆ ಪುಸ್ತಕಗಳು

ಕಥೋಲಿಕರಾದ ನಮಗೆ ಇನ್ನೊಂದು ದೊಡ್ಡ ನಿಧಿಯಿದೆ. ತ್ರೆಂತ್ ಮಹಾಸಭೆ ೧೫೬೩ರಲ್ಲಿಯೇ ವಿವಾಹಗಳನ್ನು ಪುಸ್ತಕದಲ್ಲಿ ಬರೆದಿಡಬೇಕೆಂದು ಗುರುಗಳಿಗೆ ವಿಧಿಸಿತು. ಇಂದಿನ ಧರ್ಮಸಭೆಯ ಕಾನೂನು ಸಂಹಿತೆಯ ೫೩೫ನೇ ವಿಧಿಯ ಪ್ರಕಾರ ಪ್ರತಿಯೊಂದು ಧರ್ಮಕೇಂದ್ರದಲ್ಲಿ ಜ್ಞಾನಸ್ನಾನ, ವಿವಾಹ ಮತ್ತು ಮರಣದ ಪುಸ್ತಕಗಳಿರಬೇಕು. ಒಬ್ಬರ ವಿವಾಹ ಅವರ ಜ್ಞಾನಸ್ನಾನದ ದಾಖಲೆಯ ಪಕ್ಕದಲ್ಲೂ ನಮೂದಾಗಬೇಕು. ಹೀಗಾಗಿ ಒಂದು ದಾಖಲೆ ಇನ್ನೊಂದಕ್ಕೆ ದಾರಿ ತೋರಿಸುತ್ತದೆ.

ಇವನ್ನು ನೋಡಲು ಧರ್ಮಕೇಂದ್ರದ ಗುರುಗಳನ್ನು ಮೊದಲೇ ವಿನಂತಿಸಿಕೊಳ್ಳಬೇಕು. ಹಬ್ಬದ ಗಡಿಬಿಡಿಯಲ್ಲಿ ಹೋಗಬಾರದು. ಹೆಸರು, ಅಂದಾಜು ಇಸವಿ, ತಂದೆ ತಾಯಿಯ ಹೆಸರನ್ನು ಚೀಟಿಯಲ್ಲಿ ಬರೆದುಕೊಂಡು ಹೋದರೆ ಅವರಿಗೂ ಸುಲಭ. ಹಳೆಯ ಪುಸ್ತಕಗಳು ಸಾಮಾನ್ಯವಾಗಿ ಲತೀನಿನಲ್ಲಿವೆ. ಊರಿನವರು ರಾಯಪ್ಪ ಎಂದು ಕರೆದವರು ಅಲ್ಲಿ ಪೇತ್ರುಸ್ ಆಗಿರಬಹುದು, ಚಿನ್ನಪ್ಪ ಪೌಲುಸ್ ಆಗಿರಬಹುದು, ಇನ್ನಾಸಪ್ಪ ಇಗ್ನಾತಿಯುಸ್ ಆಗಿರಬಹುದು. ಸೇನೆಯ ಗುಮಾಸ್ತ ಅದೇ ಹೆಸರನ್ನು ತನ್ನ ಕಿವಿಗೆ ಬಿದ್ದಂತೆ ಇಂಗ್ಲಿಷಿನಲ್ಲಿ ಬರೆದಿರುತ್ತಾನೆ. ಆದ್ದರಿಂದ ಒಂದೇ ಹೆಸರಿನ ನಾಲ್ಕಾರು ರೂಪಗಳನ್ನು ಹುಡುಕಬೇಕು.

ನಮಗೆ ೧೯೧೬ರ ಪುಸ್ತಕದಲ್ಲಿ ಅಜ್ಜಿಯ ಜ್ಞಾನಸ್ನಾನ ಸಿಕ್ಕಿತು. ಮರಣದ ಪುಸ್ತಕದಲ್ಲಿ ಅವರ ತಂದೆಯ ಹೆಸರಿಲ್ಲ. ಅದು ಸಹಜ, ಅಲ್ಲಿ ಬರೆಯುವುದು ಆ ಧರ್ಮಕೇಂದ್ರದಲ್ಲಿ ನಡೆದ ಅಂತ್ಯಕ್ರಿಯೆಗಳನ್ನು. ೧೯೨೧ರ ವಿವಾಹ ಪುಸ್ತಕದಲ್ಲಿ ಅಜ್ಜಿಯ ತಾಯಿಯ ಎರಡನೆಯ ಮದುವೆ ಇತ್ತು. ಗುರುಗಳು ಬೆರಳಿಟ್ಟು ಒಂದು ಪದ ತೋರಿಸಿದರು: "ವಿದುವಾ". ಅಂದರೆ ವಿಧವೆ. ಪಕ್ಕದಲ್ಲಿ ತೀರಿಹೋದ ಗಂಡನ ಹೆಸರು.

"ಇದು ಸುಮ್ಮನೆ ಬರೆಯುವ ಪದವಲ್ಲ" ಎಂದು ಗುರುಗಳು ವಿವರಿಸಿದರು. ಹಿಂದಿನ ಸಂಗಾತಿ ತೀರಿಕೊಂಡದ್ದು ಖಚಿತವಾಗದೆ ಧರ್ಮಸಭೆ ಮರುವಿವಾಹಕ್ಕೆ ಒಪ್ಪುವುದಿಲ್ಲ. ಬಹುಕಾಲ ಕಾಣಲಿಲ್ಲ ಎಂಬ ಒಂದೇ ಕಾರಣ ಸಾಲದೆಂದು ಇಂದಿನ ೧೭೦೭ನೇ ವಿಧಿಯೂ ಹೇಳುತ್ತದೆ. ಎಂದರೆ ೧೯೨೧ರಲ್ಲಿ ಆ ಗುರುಗಳ ಮುಂದೆ ಸಾವಿನ ಸುದ್ದಿಗೆ ತಕ್ಕ ಸಾಕ್ಷ್ಯವಿತ್ತು. ಆ ಕಾಗದ ಇಂದು ಉಳಿದಿಲ್ಲ, ಆ ಒಂದು ಪದ ಉಳಿದಿದೆ. ನಮ್ಮ ಹಿರಿಯರು ಹೆಂಡತಿ ಮಗುವನ್ನು ಬಿಟ್ಟು ಓಡಿಹೋದವರಲ್ಲ. ಆ ತಾಯಿಯೂ ಗಂಡನಿರುವಾಗಲೇ ಇನ್ನೊಬ್ಬರ ಕೈ ಹಿಡಿದವರಲ್ಲ. ಅಡುಗೆಮನೆಯ ಪಿಸುಮಾತು ಒಬ್ಬ ವಿಧವೆಗೆ ಮೂರು ತಲೆಮಾರು ಅನ್ಯಾಯ ಮಾಡಿತ್ತು. ಆ ಮಾತನ್ನು ಕೇಳಿಯೂ ಸುಮ್ಮನಿದ್ದ ನಮಗೆ ಅಂದು ಪಾಪನಿವೇದನೆಗೆ ಹೋಗಬೇಕೆನಿಸಿತು.

ಹೊರಗಿನ ದಾಖಲೆಗಳು

ಯುದ್ಧದಲ್ಲಿ ಸತ್ತವರ ಹೆಸರುಗಳನ್ನು ೧೯೧೭ರಲ್ಲಿ ಆರಂಭವಾದ ಕಾಮನ್‌ವೆಲ್ತ್ ಯುದ್ಧ ಸಮಾಧಿಗಳ ಆಯೋಗ ಕಾಪಾಡುತ್ತಿದೆ. ಅದರ ಪಟ್ಟಿಯನ್ನು ಇಂಟರ್‌ನೆಟ್ಟಿನಲ್ಲಿ ಉಚಿತವಾಗಿ ಹುಡುಕಬಹುದು. ಮೊದಲ ಯುದ್ಧಕ್ಕೆ ೧೯೧೪ರ ಆಗಸ್ಟ್ ೪ರಿಂದ ೧೯೨೧ರ ಆಗಸ್ಟ್ ೩೧ರವರೆಗೆ, ಎರಡನೆಯದಕ್ಕೆ ೧೯೩೯ರ ಸೆಪ್ಟೆಂಬರ್ ೩ರಿಂದ ೧೯೪೭ರ ಡಿಸೆಂಬರ್ ೩೧ರವರೆಗೆ ಸತ್ತವರು ಅದರಲ್ಲಿ ಸೇರುತ್ತಾರೆ. ಬದುಕಿ ಮರಳಿದವರ ಹೆಸರು ಅಲ್ಲಿರುವುದಿಲ್ಲ. ಆದ್ದರಿಂದ ಅಲ್ಲಿ ಸಿಗದಿದ್ದರೆ ಸೇವೆಯೇ ಮಾಡಲಿಲ್ಲವೆಂದು ತಿಳಿಯಬಾರದು.

ಸತ್ತವರೂ ಅಲ್ಲಿ ಸಿಗದಿರಬಹುದು. ಬಸ್ರಾದ ಸ್ಮಾರಕದಲ್ಲಿ ಅಧಿಕಾರಿಗಳ ಹೆಸರುಗಳನ್ನು ಕೆತ್ತಿದರು. ಭಾರತದ ಸಾಮಾನ್ಯ ಸಿಪಾಯಿಗಳನ್ನು ಪಡೆವಾರು ಎಣಿಕೆಯಲ್ಲಿ ಮಾತ್ರ ತೋರಿಸಿದರು. ಆಯೋಗವೇ ೨೦೨೧ರಲ್ಲಿ ಪ್ರಕಟಿಸಿದ ವರದಿಯಲ್ಲಿ, ಭಾರತ ಮತ್ತು ಆಫ್ರಿಕದ ಸಾವಿರಾರು ಮಂದಿಯನ್ನು ಸಮಾನವಾಗಿ ಸ್ಮರಿಸಲಿಲ್ಲವೆಂದು ಒಪ್ಪಿಕೊಂಡು ಕ್ಷಮೆ ಕೇಳಿತು.

ಮೈಸೂರು ಸಂಸ್ಥಾನದ ಕಡತಗಳಿಗೆ ಬೆಂಗಳೂರಿನ ಕರ್ನಾಟಕ ರಾಜ್ಯ ಪತ್ರಾಗಾರ, ಭಾರತ ಸರ್ಕಾರದ ಹಳೆಯ ಕಡತಗಳಿಗೆ ದೆಹಲಿಯ ರಾಷ್ಟ್ರೀಯ ಪತ್ರಾಗಾರ ಇದೆ. ಮದ್ರಾಸ್ ಸ್ಯಾಪರ್ಸ್ ಪಡೆಯ ಕೇಂದ್ರ ಬೆಂಗಳೂರಿನಲ್ಲೇ ಇದೆ. ಮೊದಲ ಯುದ್ಧದಲ್ಲಿ ಸೆರೆಸಿಕ್ಕವರ ಪಟ್ಟಿಗಳನ್ನು ಜಿನೀವಾದ ರೆಡ್‌ಕ್ರಾಸ್ ಅಂತರರಾಷ್ಟ್ರೀಯ ಸಮಿತಿ ಇಂಟರ್‌ನೆಟ್ಟಿನಲ್ಲಿ ಇಟ್ಟಿದೆ. ಎರಡನೆಯ ಯುದ್ಧದವರಾದರೆ ಜಿಲ್ಲೆಯ ಸೈನಿಕ ಕಲ್ಯಾಣ ಇಲಾಖೆಯ ಕಚೇರಿಯಲ್ಲೂ ಕೇಳಬಹುದು.

ಒಂದು ಎಚ್ಚರಿಕೆ ಬೇಕು. ಒಂದೇ ಹೆಸರಿನವರು ಹಲವರು. ಹೆಸರಿನ ಜೊತೆಗೆ ತಂದೆಯ ಹೆಸರು ಅಥವಾ ಊರು, ಮತ್ತು ಕಾಲ ಹೊಂದದಿದ್ದರೆ "ಇವರೇ ನಮ್ಮವರು" ಎನ್ನಬಾರದು. ಆಯೋಗದ ಪಟ್ಟಿಯಲ್ಲಿ ನಮಗೆ ಹತ್ತಿರದ ಎರಡು ಹೆಸರುಗಳು ಕಂಡವು. ಊರು ಹೊಂದಲಿಲ್ಲ, ಕೈಬಿಟ್ಟೆವು. ಬೇರೊಬ್ಬರ ತಂದೆಯನ್ನು ನಮ್ಮ ಮನೆಗೆ ತಂದುಕೊಳ್ಳುವುದೂ ಸುಳ್ಳೇ.

ಹುಡುಕುವುದೇಕೆ?

ಸತ್ತವರನ್ನು ಕೆದಕುವುದೇಕೆ ಎಂದು ಕೆಲವರು ಕೇಳಿದರು. ಸಂತ ಮತ್ತಾಯರ ಶುಭಸಂದೇಶದ ಮೊದಲ ಅಧ್ಯಾಯವನ್ನೇ ನೋಡೋಣ. ಪ್ರಭುವಿನ ವಂಶಾವಳಿ ಏನನ್ನೂ ಮುಚ್ಚಿಡುವುದಿಲ್ಲ. ಸೊಲೊಮೋನನ ತಾಯಿಯನ್ನು ಸಂತ ಮತ್ತಾಯರು ಅವಳ ಹೆಸರಿನಿಂದ ಕರೆಯದೆ ಊರೀಯನ ಹೆಂಡತಿಯಾಗಿದ್ದವಳು ಎನ್ನುತ್ತಾರೆ. ಊರೀಯನು ಯುದ್ಧದಲ್ಲಿ ಮಡಿದ ಯೋಧ. ಅರಸನೇ ಮರೆಮಾಡಲು ಯತ್ನಿಸಿದ ಆ ಸಾವನ್ನು ಶುಭಸಂದೇಶ ಮರೆಯಲಿಲ್ಲ. ಮಕ್ಕಬಿಯರ ಎರಡನೆಯ ಗ್ರಂಥದ ಹನ್ನೆರಡನೆಯ ಅಧ್ಯಾಯದಲ್ಲಿ ಯೂದನು ರಣರಂಗದಲ್ಲಿ ಬಿದ್ದ ತನ್ನವರ ಪಾಪಪರಿಹಾರಕ್ಕಾಗಿ ಹಣ ಕೂಡಿಸಿ ಜೆರುಸಲೇಮಿಗೆ ಬಲಿಯರ್ಪಣೆಗೆ ಕಳುಹಿಸಿದ. ಅವರು ತಪ್ಪು ಮಾಡಿದ್ದರೆಂದು ಅವನಿಗೆ ಗೊತ್ತಿತ್ತು. ತಿಳಿದೂ ಪ್ರಾರ್ಥಿಸಿದ. ನಮ್ಮ ಹಿರಿಯರೂ ವೀರರಾಗಿದ್ದರಷ್ಟೇ ಪ್ರಾರ್ಥನೆಗೆ ಅರ್ಹರೆಂದಿಲ್ಲ. ಅವರು ಇದ್ದಂತೆಯೇ ದೇವರ ಕೈಯಲ್ಲಿದ್ದಾರೆ.

ಅಜ್ಜಿಯ ತಂದೆ ಎಂದು, ಯಾವ ಬೇನೆಯಿಂದ ತೀರಿಕೊಂಡರೋ ತಿಳಿಯಲಿಲ್ಲ. ಬಲಿಪೂಜೆಗೆ ದಿನಾಂಕ ಬೇಕೇಬೇಕೆಂದಿಲ್ಲ. ಈಗ ಪ್ರತಿ ನವೆಂಬರಿನಲ್ಲಿ ಅವರ ಹೆಸರು ಹೇಳಿಯೇ ಪೂಜೆ ಒಪ್ಪಿಸುತ್ತೇವೆ. ಅವರ ಹೆಂಡತಿಯ ಹೆಸರನ್ನೂ, ಆಕೆಯನ್ನು ಮಗುವಿನೊಡನೆ ಸ್ವೀಕರಿಸಿ ಸಾಕಿದ ಎರಡನೆಯ ಗಂಡನ ಹೆಸರನ್ನೂ ಸೇರಿಸುತ್ತೇವೆ. ಅಜ್ಜಿಯ ಸಮಾಧಿಕಲ್ಲಿನ ಮೇಲೆ ಬಿಟ್ಟುಹೋಗಿದ್ದ ತಂದೆಯ ಹೆಸರನ್ನು ಕೆತ್ತಿಸಿದ್ದೇವೆ. ಅದರ ಮುಂದೆ ಹವಾಲ್ದಾರ್ ಎಂಬ ಪದವಿಲ್ಲ.

ಪ್ರಿಯರೇ, ಈ ನವೆಂಬರ್ ತಿಂಗಳಲ್ಲಿ ನಿಮ್ಮ ಮನೆಯ ಹಿರಿಯರ ಬಳಿ ಒಂದು ಸಂಜೆ ಕುಳಿತು ಕೇಳಿ. ಹೇಳುವವರು ಇರುವಾಗಲೇ ಬರೆದುಕೊಳ್ಳಿ. ಮಕ್ಕಳನ್ನು ಸಮಾಧಿತೋಟಕ್ಕೆ ಕರೆದುಕೊಂಡು ಹೋದಾಗ ದೊಡ್ಡ ಶಿಲುಬೆಯ ಬುಡದಲ್ಲೂ ಒಂದು ಬತ್ತಿ ಹಚ್ಚಿಸಿ. "ಇದು ಯಾರಿಗೆ?" ಎಂದು ಅವರು ಕೇಳಿದಾಗ ಹೇಳಲು ನಮ್ಮಲ್ಲಿ ಒಂದು ಹೆಸರಿರಲಿ. ಮೃತರಾದ ಎಲ್ಲ ವಿಶ್ವಾಸಿಗಳಿಗೆ ಪ್ರಭು ನಿತ್ಯಶಾಂತಿಯನ್ನು ಅನುಗ್ರಹಿಸಲಿ.